"ಅಪ್ಪ ಕೊಟ್ಟ, ಆತು. ಮಗನ್ನ ಯಾರರೆ ಕೇಳಿದ್ರೇನು?" ಅಜ್ಜಿಯ ಈ ಪ್ರಶ್ನೆಗೆ ಉತ್ತರ ಹೇಳಿ

ಗುಳೇದಗುಡ್ಡದವ
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ.

ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಆರಾಧನೆ ಮುಗಿಸಿ ಮನೆಗೆ ಬಂದೆ. ಬಿಸಿಲು ಅಂದರೆ ಬಿಸಿಲು. ಪಕ್ಕದ ಮನೆ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರು. ಅವರದು ನೇಕಾರರ ಮನೆ, ಮೊದಲಿಂದ ಖಣ ನೇಯುವವರು. "ಏನೋ ತಮ್ಮಾ, ಹಬ್ಬದ ದಿನ ಮಾರಿ ಯಾಕ ಸಣ್ಣ ಮಾಡೀ?" ಅಂದರು. ಇವತ್ತು ಯೇಸುಸ್ವಾಮಿ ಸತ್ತ ದಿನ ಅಂದೆ. ಸುಮ್ನೆ ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. ಬೈಬಲ್ಲಿನ ಯೋಹಾನ 3:16 ಶುರು ಮಾಡಿದೆ. ದೇವರಿಗೆ ಲೋಕದ ಮೇಲೆ ಎಷ್ಟು ಪ್ರೀತಿ ಅಂದರೆ ತನ್ನ ಒಬ್ಬನೇ ಮಗನನ್ನು ಕೊಟ್ಟ, ಅವನನ್ನು ನಂಬಿದವರು ನಾಶ ಆಗಬಾರದು ಅಂತ ಕೊಟ್ಟ, ಹೀಗೆ.

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೇಲಿನ ಪ್ರಶ್ನೆ ಕೇಳಿದರು. ವಾದ ಮಾಡೋ ದನಿಯಲ್ಲಿ ಅಲ್ಲ. ನಿಜವಾಗಿ ತಿಳಿಯಬೇಕು ಅನ್ನೋ ಹಾಗೆ.

"ಅದು ಹಾಗಲ್ಲ ಅಜ್ಜಿ" ಅಂದವನು ಅಲ್ಲೇ ನಿಂತುಬಿಟ್ಟೆ. ಸಂಡೇ ಸ್ಕೂಲಲ್ಲಿ ವಚನ ಹೇಳಿ ಸ್ಟೀಲ್ ಡಬ್ಬಿ ಗೆದ್ದವನು ನಾನು. ಉತ್ತರ ಬರಲಿಲ್ಲ. ಅವರಿಗೆ ಅರ್ಥವಾಗೋ ಹಾಗೆ ಏನು ಹೇಳಲಿ? ದಯವಿಟ್ಟು ಬರೀ ವಚನ ಸಂಖ್ಯೆ ಕೊಟ್ಟು ಹೋಗಬೇಡಿ.

ಗೋಕಾಕ ಕರದಂಟು
ಅಜ್ಜಿಗೆ ನೂರು ಅಂಕ.

ಇಂಡಿ ಲಿಂಬಿಕಾಯಿ
ಸಹೋದರರೇ, ಉತ್ತರ ಸತ್ಯವೇದದಲ್ಲೇ ಇದೆ. ಯೋಹಾನ 10:18. ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಅನ್ನುತ್ತಾನೆ ಕರ್ತನು. ಮಗನನ್ನು ಯಾರೂ ಬಲವಂತ ಮಾಡಲಿಲ್ಲ. ಮುಗಿಯಿತು.

ಗುಳೇದಗುಡ್ಡದವ
ವಚನ ಸಂಖ್ಯೆ ಬೇಡ ಅಂದಿದ್ದೆ ಅಲ್ವಾ ಅಣ್ಣ 😀 ಆದರೂ ಈ ವಚನ ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ ನೋಡಿ. ಥ್ಯಾಂಕ್ಸ್.

ನೀರಿಲ್ಲದ ಡೋಣಿ
ಮುಗಿಯಲಿಲ್ಲ ಸ್ವಾಮಿ. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಅದೇ ಮಗ, ಸಾಧ್ಯವಿದ್ದರೆ ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರ ಆಗಲಿ ಅಂತ ಬೇಡಿಕೊಂಡ. ನಾನು ಯಾವ ದೇವರನ್ನೂ ನಂಬುವವನಲ್ಲ. ಆದರೆ ಓದಿದ್ದೇನೆ. ಒಲ್ಲೆ ಅಂದ ಮಗನನ್ನು ಕಳಿಸಿದ ಅಪ್ಪ, ಅಷ್ಟೇ ಕಾಣುತ್ತದೆ ನನಗೆ.

ಕ್ಯಾಂಪ್ ಏರಿಯಾ ಬೆಳಗಾವಿ
ಡೋಣಿಯವರೇ, ಅರ್ಧ ವಾಕ್ಯ ಓದಿದ್ದೀರಿ. ಆದರೂ ನನ್ನ ಇಷ್ಟವಲ್ಲ, ನಿನ್ನ ಇಷ್ಟದಂತೆ ಆಗಲಿ ಅನ್ನೋದು ಉಳಿದರ್ಧ. ಭಯ ಆಗಲಿಲ್ಲ ಅಂತ ಯಾರು ಹೇಳಿದರು? ಭಯ ಇಲ್ಲದೆ ಹೋಗಿದ್ದರೆ ಅದು ನಾಟಕ ಆಗ್ತಿತ್ತು. ನಮ್ಮಮ್ಮ ನಮ್ಮಣ್ಣನಿಗೆ ಕಿಡ್ನಿ ಕೊಡುವ ಹಿಂದಿನ ರಾತ್ರಿ ಆಸ್ಪತ್ರೆ ಬಾತ್‌ರೂಮಿನಲ್ಲಿ ಕೂತು ಅತ್ತಿದ್ದಳು. ಬೆಳಿಗ್ಗೆ ಎದ್ದು ತಾನೇ ಸ್ಟ್ರೆಚರ್ ಹತ್ತಿದಳು. ಅತ್ತಳು ಅಂತ ಅವಳಿಗೆ ಮನಸ್ಸಿರಲಿಲ್ಲ ಅಂತೀರಾ?

ಗೋಕಾಕ ಕರದಂಟು
ಅಣ್ಣ ಈಗ ಹೇಗಿದ್ದಾರೆ ಅಕ್ಕಾ?

ಕ್ಯಾಂಪ್ ಏರಿಯಾ ಬೆಳಗಾವಿ
ಆರಾಮ ಇದ್ದಾನೆ. ಅಮ್ಮನ ಜೊತೆ ದಿನಾ ಜಗಳ ಆಡ್ತಾನೆ.

ಖಡಕ್ ರೊಟ್ಟಿ
ನಾನು ಬಾಗಲಕೋಟೆಯವನು, ಲಿಂಗವಂತ. ತಪ್ಪು ತಿಳಿಯಬೇಡಿ, ನನ್ನ ಡೌಟು ಬೇರೆ. ನಮ್ಮಲ್ಲಿ "ಮಾಡಿದ್ದುಣ್ಣೋ ಮಹಾರಾಯ" ಅಂತಾರೆ. ಪಾಪ ನನ್ನದು, ಉಣ್ಣಬೇಕಾದವನು ನಾನು. ಎರಡು ಸಾವಿರ ವರ್ಷದ ಹಿಂದೆ ಯೆರೂಸಲೇಮಿನಲ್ಲಿ ಒಬ್ಬರು ಸತ್ತರೆ ಬಾಗಲಕೋಟೆಯಲ್ಲಿ ಕೂತ ನನ್ನ ಲೆಕ್ಕ ಹೇಗೆ ಚುಕ್ತಾ ಆಗುತ್ತದೆ? ನಾನು ಉಪವಾಸ ಮಾಡಿದರೆ ನಿಮ್ಮ ಶುಗರ್ ಇಳಿಯುತ್ತಾ?

ನಿವೃತ್ತ ಮಾಸ್ತರ, ವಿಜಯಪುರ
ಖಡಕ್ ರೊಟ್ಟಿ ಅವರೇ, ಒಳ್ಳೆ ಪ್ರಶ್ನೆ. ನನ್ನ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಶಾಲೆಯಲ್ಲಿದ್ದಾಗ ಜೊತೆಯ ಮಾಸ್ತರರೊಬ್ಬರು ಒಂದು ಸೊಸೈಟಿಯಲ್ಲಿ ಸಾಲ ಎತ್ತಿದರು. ಜಾಮೀನಿಗೆ ನಾನು ಸಹಿ ಹಾಕಿದೆ. ಮಗಳ ಮದುವೆ ಅಂದಿದ್ದರು. ಮದುವೆ ಆಯಿತು, ಕಂತು ನಿಂತಿತು. ಮೊದಲು ನೋಟಿಸು, ಆಮೇಲೆ ನನ್ನ ಪಗಾರದಲ್ಲೇ ಕಟಾವು. ಮೂರು ವರ್ಷ. ಆ ಮೂರು ವರ್ಷ ನಮ್ಮ ಮನೆಯಲ್ಲಿ ಯುಗಾದಿಗೆ ಹೊಸ ಬಟ್ಟೆ ಬರಲಿಲ್ಲ. ನನ್ನ ಹೆಂಡತಿ ಇವತ್ತಿಗೂ ಸಹಿ ಅನ್ನೋ ಶಬ್ದ ಕೇಳಿದರೆ ನನ್ನ ಮುಖ ನೋಡುತ್ತಾಳೆ.

ಸಾಲ ಅವರದು, ಉಂಡವರು ಅವರು. ತೀರಿಸಿದವನು ನಾನು. ಸೊಸೈಟಿಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ "ಬಾಕಿ ಇಲ್ಲ" ಅಂತ ಬರೆದರು. ನಾನು ಜಾಮೀನಿಗೆ ನಿಂತಿದ್ದೆ, ಅದಕ್ಕೇ ಬರೆಯಲು ಬಂತು. ಸಂಬಂಧವಿಲ್ಲದ ದಾರಿಹೋಕ ಅಲ್ಲ. ಯೇಸು ಮನುಷ್ಯನಾಗಿ ಹುಟ್ಟಿದ್ದನ್ನು ನಾನು ಹೀಗೆ ತಿಳಿದುಕೊಂಡಿದ್ದೇನೆ. ಮೊದಲು ನಮ್ಮವನಾದ. ಆಮೇಲೆ ನಮ್ಮ ಸಾಲಕ್ಕೆ ಸಹಿ ಹಾಕಿದ.

ಇನ್ನೊಂದು ಮಾತು. ಆ ಮಾಸ್ತರರು ಈಗಲೂ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಗೋಳಗುಮ್ಮಟದ ಹತ್ತಿರ ಒಮ್ಮೆ ಎದುರಾದರು, ಟಾಂಗಾದ ಮರೆಗೆ ಹೋದರು. ನಾನು ಯಾವತ್ತೋ ಬಿಟ್ಟುಬಿಟ್ಟಿದ್ದೇನೆ. ಅವರು ನಂಬಲೊಲ್ಲರು. ನಂಬಿಕೆ ಬೇಕು ಅಂತ ನಮ್ಮಲ್ಲಿ ಯಾಕೆ ಅಷ್ಟು ಒತ್ತಿ ಹೇಳುತ್ತಾರೆ ಅಂತ ನನಗೆ ತಿಳಿದದ್ದು ಆ ಟಾಂಗಾದ ಮುಂದೆ.

ಖಡಕ್ ರೊಟ್ಟಿ
ಮಾಸ್ತರ್ರೀ, ಕಥೆ ಕೇಳಿ ಸುಮ್ಮನಾದೆ. ಆದರೂ ಒಂದು ಮಾತು. ನಿಮ್ಮ ಕಥೆಯಲ್ಲಿ ದೇವರು ಯಾರು? ಸೊಸೈಟಿನಾ? ಕಟಾವು ಮಾಡಿದವರು ಅವರು. ಸುಮ್ನೆ ಮನ್ನಾ ಮಾಡಬಹುದಿತ್ತಲ್ಲ? ದೇವರಿಗೆ ಯಾವ ಆಡಿಟ್ ಇದೆ?

ನೀರಿಲ್ಲದ ಡೋಣಿ
ಇದೇ ಮುಖ್ಯ ಪಾಯಿಂಟು. ರಕ್ತ ಬೇಕೇ ಬೇಕು ಅನ್ನೋ ದೇವರನ್ನು ಪ್ರೀತಿಯ ದೇವರು ಅಂತ ಹೇಗೆ ಕರೆಯುತ್ತೀರಿ? ಮಾಯಕ್ಕನ ಚಿಂಚಲಿ ಜಾತ್ರೆಯಲ್ಲಿ ಕುರಿ ಕಡಿದರೆ ಮೂಢನಂಬಿಕೆ. ನಿಮ್ಮಲ್ಲಿ ಮನುಷ್ಯನನ್ನೇ ಕಡಿದರೆ ರಕ್ಷಣೆ!

ಇಂಡಿ ಲಿಂಬಿಕಾಯಿ
ದೇವರ ವಿಷಯದಲ್ಲಿ ಬಾಯಿಗೆ ಬಂದ ಹಾಗೆ ಬರೆಯಬೇಡಿ. ರಕ್ತ ಸುರಿಯದೆ ಪಾಪಕ್ಕೆ ಕ್ಷಮೆ ಇಲ್ಲ, ಇಬ್ರಿಯರಿಗೆ 9:22. ಪಾಪದ ಸಂಬಳ ಮರಣ. ಯಾರಾದರೂ ಆ ಸಂಬಳ ತಗೊಳ್ಳಲೇಬೇಕು.

ನೀರಿಲ್ಲದ ಡೋಣಿ
ನನ್ನ ಪ್ರಶ್ನೆಯನ್ನೇ ಉತ್ತರ ಮಾಡಿ ವಾಪಸ್ ಕೊಟ್ಟಿರಿ.

ಸಂಗಮದ ದಂಡೆ
ನಡುವೆ ಬಾಯಿ ಹಾಕುತ್ತೇನೆ. ಬಲಿ ಅಂದರೆ ನಮ್ಮ ಸೀಮೆಯಲ್ಲಿ ಬಸವಣ್ಣನವರ ಹರಕೆಯ ಕುರಿ ನೆನಪಾಗಬೇಕು. ಹಬ್ಬಕ್ಕೆ ತಂದ ಕುರಿ, ತೋರಣಕ್ಕೆ ತಂದ ತಳಿರನ್ನೇ ಮೇಯುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ತನ್ನನ್ನೇ ಕೊಲ್ಲುತ್ತಾರೆ ಅಂತ ಅದಕ್ಕೆ ಗೊತ್ತಿಲ್ಲ. ಕೊಂದವರು ಉಳಿದರೇ ಅಂತ ಕೇಳುತ್ತಾರೆ ಬಸವಣ್ಣ. ಅಜ್ಜಿ ಕೇಳಿದ್ದೂ ಹೆಚ್ಚು ಕಡಿಮೆ ಅದೇ ಅಲ್ವಾ? ಕುರಿಯನ್ನು ಯಾರಾದರೂ ಕೇಳಿದರಾ?

ಗುಳೇದಗುಡ್ಡದವ
ಸಂಗಮದ ದಂಡೆಯವರೇ, ಮೈ ಜುಮ್ ಅಂತು. ಹೌದು, ಅದೇ ಪ್ರಶ್ನೆ.

ಕ್ಯಾಂಪ್ ಏರಿಯಾ ಬೆಳಗಾವಿ
ಹೌದು, ಆದರೆ ವ್ಯತ್ಯಾಸವೂ ಅಲ್ಲೇ ಇದೆ. ಆ ಕುರಿಗೆ ಗೊತ್ತಿಲ್ಲ. ಯೇಸುವಿಗೆ ಗೊತ್ತಿತ್ತು. ಯೆರೂಸಲೇಮಿಗೆ ಹೋಗುವ ದಾರಿಯಲ್ಲೇ ಶಿಷ್ಯರಿಗೆ ಹೇಳಿಬಿಟ್ಟಿದ್ದ, ನನ್ನನ್ನು ಹಿಡಿದು ಕೊಲ್ಲುತ್ತಾರೆ ಅಂತ. ಪೇತ್ರ ಬೇಡ ಅಂದದ್ದಕ್ಕೆ ಬೈಸಿಕೊಂಡ.

ಇದಕ್ಕೇ ನನಗೆ ಪ್ರಸಂಗಗಳಲ್ಲಿ ಬರುವ ಆ ರೈಲ್ವೆ ಸೇತುವೆ ಕಥೆ ಕಂಡರೆ ಆಗೋದಿಲ್ಲ. ಕೇಳಿರ್ತೀರಿ. ಅಪ್ಪ ಸೇತುವೆ ಇಳಿಸುವ ಕೆಲಸದವನು, ಮಗ ಯಂತ್ರದ ಒಳಗೆ ಸಿಕ್ಕಿಕೊಂಡಿದ್ದಾನೆ, ರೈಲು ಬರ್ತಿದೆ. ಅಪ್ಪ ರೈಲಿನವರನ್ನು ಉಳಿಸೋಕೆ ಮಗನ ಮೇಲೇ ಸೇತುವೆ ಇಳಿಸ್ತಾನೆ. ಜನ ಅಳ್ತಾರೆ. ನಾನೂ ಸಣ್ಣವಳಿದ್ದಾಗ ಅತ್ತಿದ್ದೆ. ಈಗ ಸಿಟ್ಟು ಬರುತ್ತದೆ. ಆ ಮಗ ಹರಕೆಯ ಕುರಿಯೇ. ಅವನಿಗೆ ಏನೂ ಗೊತ್ತಿಲ್ಲ, ಅವನನ್ನು ಯಾರೂ ಕೇಳಲಿಲ್ಲ. ಅಂಥ ಕಥೆ ಕೇಳಿ ಬೆಳೆದವರಿಗೆ ಅಜ್ಜಿಯ ಪ್ರಶ್ನೆಗೆ ಉತ್ತರ ಹೊಳೆಯೋದಾದರೂ ಹೇಗೆ?

ಗುಳೇದಗುಡ್ಡದವ
ಅಯ್ಯೋ, ಅಜ್ಜಿಗೆ ಮುಂದಿನ ಸಲ ಅದೇ ಕಥೆ ಹೇಳಬೇಕು ಅಂತ ಇದ್ದೆ.

ಗೋಕಾಕ ಕರದಂಟು
ಬದುಕಿದಿರಿ.

ನಿವೃತ್ತ ಮಾಸ್ತರ, ವಿಜಯಪುರ
ಆ ಕಥೆಯನ್ನು ನಾನೇ ಮೂರು ಸಲ ಹೇಳಿದ್ದೇನೆ. ಒಪ್ಪುತ್ತೇನೆ ತಂಗಿ, ಸರಿಯಲ್ಲ.

ಡೋಣಿಯವರ ಪ್ರಶ್ನೆಗೆ ಬರೋಣ. ಸಿಟ್ಟಾದ ದೇವರಿಗೆ ನಾವು ಏನೋ ಕೊಟ್ಟು ಸಮಾಧಾನ ಮಾಡೋದು, ಇದು ಜಾತ್ರೆಯ ಬಲಿ. ಕೊಡುವವರು ನಾವು, ತೆಗೆದುಕೊಳ್ಳುವುದು ದೇವರು. ಶಿಲುಬೆಯಲ್ಲಿ ಇದು ತಿರುಗುಮುರುಗಾಗಿದೆ. ಕೊಡುವವನೇ ದೇವರು. ಹೋರಿ ಹೋತಗಳ ರಕ್ತದಿಂದ ಪಾಪ ಹೋಗೋದಿಲ್ಲ ಅಂತ ಇಬ್ರಿಯರಿಗೆ ಬರೆದ ಅದೇ ಪತ್ರಿಕೆಯ 10ನೇ ಅಧ್ಯಾಯದಲ್ಲಿದೆ. ಲಿಂಬಿಕಾಯಿ ಅವರು 9ನೇ ಅಧ್ಯಾಯಕ್ಕೇ ನಿಂತರು, ಒಂದು ಪುಟ ಮುಂದೆ ಹೋಗಬೇಕಿತ್ತು.

ನಮ್ಮ ಜನಕ್ಕೆ ಇನ್ನೂ ಹತ್ತಿರದ ಒಂದು ಮಾತಿದೆ. ಯಾಜಕಕಾಂಡ 16ರಲ್ಲಿ ವರ್ಷಕ್ಕೊಮ್ಮೆ ಎರಡು ಹೋತ ತರುತ್ತಾರೆ. ಒಂದನ್ನು ವಧಿಸುತ್ತಾರೆ. ಇನ್ನೊಂದರ ತಲೆ ಮೇಲೆ ಯಾಜಕ ಕೈಯಿಟ್ಟು ಜನರ ಪಾಪವನ್ನೆಲ್ಲ ಹೇಳಿ ಕಾಡಿಗೆ ಅಟ್ಟುತ್ತಾನೆ. ನಮ್ಮ ಹಳ್ಳಿಗಳಲ್ಲಿ ಊರ ಪೀಡೆಯನ್ನು ಸೀಮೆ ದಾಟಿಸುವುದಿಲ್ಲವೇ, ಹಾಗೆ. ಯೇಸುವನ್ನು ಶಿಲುಬೆಗೆ ಹಾಕಿದ್ದೂ ಊರ ಬಾಗಿಲ ಹೊರಗೇ. ಇಬ್ರಿಯ 13:12 ಅದನ್ನೇ ಎತ್ತಿ ಹೇಳುತ್ತದೆ. ಸಣ್ಣವನಿದ್ದಾಗ ನಮ್ಮೂರಲ್ಲಿ ಸೀಮೆ ದಾಟಿಸಿದ ಮೇಲೆ ಯಾರೂ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಪೀಡೆ ವಾಪಸ್ ಬರುತ್ತದೆ ಅಂತ ಹೆದರಿಸುತ್ತಿದ್ದರು. ನಾವೋ ವರ್ಷಕ್ಕೊಮ್ಮೆ ಶುಕ್ರವಾರ ಮೂರು ತಾಸು ಕೂತು ಆ ಸೀಮೆಯ ಆಚೆಗೇ ನೋಡುತ್ತೇವೆ.

ಸಂಗಮದ ದಂಡೆ
ಈ ಹೋಲಿಕೆ ನಾನು ಎಲ್ಲೂ ಕೇಳಿರಲಿಲ್ಲ. ಬರೆದಿಟ್ಟುಕೊಂಡೆ.

ಖಡಕ್ ರೊಟ್ಟಿ
ಮನ್ನಾ ಪ್ರಶ್ನೆ ಹಾಗೇ ಉಳಿಯಿತು ಮಾಸ್ತರ್ರೀ.

ತಿಕೋಟಾ ದ್ರಾಕ್ಷಿ
ಮನ್ನಾ ಬಗ್ಗೆ ರೈತರನ್ನು ಕೇಳಿ, ನಾವು ಹೇಳ್ತೇವೆ. ಸಾಲ ಮನ್ನಾ ಅಂದರೆ ಸಾಲ ಗಾಳಿಯಲ್ಲಿ ಕರಗೋದಿಲ್ಲ. ಬ್ಯಾಂಕಿಗೆ ಸರ್ಕಾರ ಕಟ್ಟಬೇಕು. ಸರ್ಕಾರಕ್ಕೆ ಎಲ್ಲಿಂದ ಬರುತ್ತದೆ? ನೀವು ಕೊಳ್ಳುವ ಸಾಬೂನಿನಿಂದ. ಯಾರೋ ಒಬ್ಬರು ತಡಕೊಳ್ಳಲೇಬೇಕು. ಬ್ಯಾಂಕೇ ಬಿಟ್ಟರೆ ನಷ್ಟ ಬ್ಯಾಂಕಿನ ತಲೆ ಮೇಲೆ. ಕ್ಷಮೆಯೂ ಹಾಗೇ. ನಮ್ಮ ದಾಯಾದಿ ನನ್ನ ಬದುವು ಎರಡು ಅಡಿ ಒತ್ತಿದ. ಅಪ್ಪ ಸಾಯುವಾಗ "ಬಿಡು" ಅಂದರು, ಬಿಟ್ಟೆ. ಆ ಎರಡು ಅಡಿ ದ್ರಾಕ್ಷಿ ಪ್ರತಿ ವರ್ಷ ನನ್ನ ಲೆಕ್ಕದಲ್ಲೇ ಕಡಿಮೆ ಬೀಳುತ್ತದೆ. ಪುಕ್ಕಟೆ ಕ್ಷಮೆ ಪಡೆದವನಿಗೆ. ಕೊಟ್ಟವನಿಗಲ್ಲ.

ಗೋಕಾಕ ಕರದಂಟು
ಈ ಸಲ ಒಣದ್ರಾಕ್ಷಿ ರೇಟ್ ಏನ್ರೀ?

ತಿಕೋಟಾ ದ್ರಾಕ್ಷಿ
ಅದರ ಬಗ್ಗೆ ಮಾತಾಡಿದರೆ ಇಲ್ಲೂ ಏಳು ಮಾತುಗಳ ಆರಾಧನೆ ಆಗುತ್ತದೆ, ಬಿಡಿ.

ನೀರಿಲ್ಲದ ಡೋಣಿ
ದ್ರಾಕ್ಷಿಯವರ ಮಾತು ಒಪ್ಪುವಂಥದ್ದು. ಆದರೆ ನಿಮ್ಮ ಯೇಸುವೇ ಹೇಳಿದ ಕಥೆ ನೋಡಿ, ಲೂಕ 15. ಆಸ್ತಿ ಹಾಳು ಮಾಡಿ ಬಂದ ಮಗ. ಅಪ್ಪ ಅಲ್ಲಿ ಯಾವ ಬಲಿ ಕೇಳಿದ? ಓಡಿ ಹೋಗಿ ತಬ್ಬಿಕೊಂಡ, ಊಟ ಹಾಕಿಸಿದ. ಶಿಲುಬೆ ಇಲ್ಲದೇ ಕ್ಷಮೆ ಆಯಿತಲ್ಲ?

ಇಂಡಿ ಲಿಂಬಿಕಾಯಿ
ಕೊಬ್ಬಿದ ಕರು ಕೊಯ್ದರು.

ನೀರಿಲ್ಲದ ಡೋಣಿ
ಅದು ಊಟಕ್ಕೆ!

ಕ್ಯಾಂಪ್ ಏರಿಯಾ ಬೆಳಗಾವಿ
😂😂 ಲಿಂಬಿಕಾಯಿ ಅಣ್ಣ, ಅದು ಊಟಕ್ಕೇ.

ಆದರೆ ಡೋಣಿಯವರೇ, ಆ ಅಪ್ಪ ಓಡಿದ್ದನ್ನು ಸುಮ್ನೆ ದಾಟಿಬಿಟ್ಟಿರಿ. ನಮ್ಮ ಕಡೆ ಒಬ್ಬ ಹಿರೇಮನುಷ್ಯ, ಮನೆತನದ ಯಜಮಾನ, ಧೋತರ ಎತ್ತಿ ಹಿಡಿದು ಓಣಿಯಲ್ಲಿ ಓಡಿದ್ದನ್ನು ನೋಡಿದ್ದೀರಾ? ಅದೂ ಮನೆ ಹಾಳು ಮಾಡಿದ ಮಗನ ಕಡೆಗೆ? ಊರೆಲ್ಲ ನಗುತ್ತದೆ. ಮಗನಿಗೆ ಆಗಬೇಕಿದ್ದ ಅವಮಾನವನ್ನು ಅಪ್ಪ ತನ್ನ ಮೇಲೆ ಹಾಕಿಕೊಂಡ. ಅಪ್ಪ ಬದುಕಿರುವಾಗಲೇ ಪಾಲು ಕೇಳಿದ ದಿನದಿಂದ ಅವನು ಕಳಕೊಳ್ಳುತ್ತಲೇ ಇದ್ದಾನೆ. ದ್ರಾಕ್ಷಿಯವರ ಎರಡು ಅಡಿ ಬದುವಿನ ಹಾಗೆ. ನನಗೆ ಶಿಲುಬೆ ಅಂದರೆ ಆ ಓಟದ ಕೊನೆ.

ಇನ್ನೊಂದು. ಶಿಲುಬೆ ಯಾಕೆ ಬೇಕಿತ್ತು ಅನ್ನೋದಕ್ಕೆ ಚರ್ಚಿನೊಳಗೇ ಒಂದೇ ಉತ್ತರ ಇಲ್ಲ. ಮಾರ್ಕ 10:45 ಈಡು ಅನ್ನುತ್ತದೆ, ಸೆರೆ ಬಿಡಿಸೋಕೆ ಕೊಡುವ ಬೆಲೆ. ಮೊದಲ ಕಾಲದ ಸಭಾಪಿತೃಗಳು, ಅಂದರೆ ಚರ್ಚಿನ ಹಳೆಯ ಗುರುಗಳು, ಇದನ್ನೇ ಹಿಡಿದು ಸಾವಿನ ಮೇಲೆ, ಸೈತಾನನ ಮೇಲೆ ಗೆಲುವು ಅಂದರು. 11ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್, ದೇವರ ಗೌರವಕ್ಕೆ ಆದ ಕುಂದನ್ನು ತುಂಬಬೇಕಿತ್ತು, ಮನುಷ್ಯ ತುಂಬಬೇಕು, ಆದರೆ ದೇವರಿಗೆ ಮಾತ್ರ ಸಾಧ್ಯ, ಅದಕ್ಕೇ ದೇವರು ಮನುಷ್ಯನಾದ ಅಂದ. ಸ್ವಲ್ಪ ಕಾಲದ ಮೇಲೆ ಅಬೆಲಾರ್ಡ್ ಅನ್ನೋ ಫ್ರೆಂಚ್ ಪಂಡಿತ ಬಂದು, ಇಲ್ಲ, ಆ ಪ್ರೀತಿ ಕಂಡು ನಮ್ಮ ಮನಸ್ಸು ಕರಗಲಿ ಅಂತ ಅಂದ. ನಮಗೆ ಬಂದ ಶಿಕ್ಷೆಯನ್ನು ಅವನು ಹೊತ್ತ ಅನ್ನೋದಕ್ಕೆ 16ನೇ ಶತಮಾನದ ಪ್ರಾಟೆಸ್ಟಂಟ್ ಸುಧಾರಕರು ಜೋರು ಕೊಟ್ಟರು. ಲಿಂಬಿಕಾಯಿ ಅಣ್ಣ ಹೇಳುವುದು ಈ ಕೊನೆಯದು. ತಪ್ಪಲ್ಲ. ಆದರೆ ಅದೊಂದೇ ಅಲ್ಲ.

ಇಂಡಿ ಲಿಂಬಿಕಾಯಿ
ಮನುಷ್ಯರ ಸಿದ್ಧಾಂತ ನನಗೆ ಬೇಡ ಅಕ್ಕ. ನಾನು ಕುಡಿದು ಹೆಂಡತಿಗೆ ಹೊಡೆಯುತ್ತಿದ್ದವನು. ಒಂದು ರಾತ್ರಿ ನೀನೇ ಇದನ್ನು ಹೊತ್ತುಕೋ ಅಂತ ಕರ್ತನ ಹತ್ತಿರ ಅತ್ತೆ. ಒಂಬತ್ತು ವರ್ಷ ಆಯಿತು, ಮುಟ್ಟಿಲ್ಲ. ಆನ್ಸೆಲ್ಮ್ ಯಾರೋ ನನಗೆ ಗೊತ್ತಿಲ್ಲ.

ಕ್ಯಾಂಪ್ ಏರಿಯಾ ಬೆಳಗಾವಿ
ಅಣ್ಣ, ಇದರ ಮುಂದೆ ನನ್ನ ಹತ್ತಿರ ಮಾತಿಲ್ಲ. ನಿಜವಾಗಿ.

ಖಡಕ್ ರೊಟ್ಟಿ
ಲಿಂಬಿಕಾಯಿ ಅಣ್ಣ, ದೊಡ್ಡ ಮಾತು. ಆದರೆ ಎಲ್ಲರೂ ನಿಮ್ಮ ಹಾಗಿಲ್ಲ. ನಮ್ಮ ಓಣಿಯಲ್ಲೊಬ್ಬ ಇದ್ದಾನೆ. ಶನಿವಾರ ರಾತ್ರಿ ಗಟಾರದಲ್ಲಿ, ಭಾನುವಾರ ಬೆಳಿಗ್ಗೆ ಬಿಳಿ ಅಂಗಿಯಲ್ಲಿ. ಕೇಳಿದರೆ "ನನ್ನ ಪಾಪ ಆಗಲೇ ತೊಳೆದಾಗಿದೆ" ಅಂತಾನೆ. ಪುಕ್ಕಟೆ ಲಾಂಡ್ರಿ!

ನಿವೃತ್ತ ಮಾಸ್ತರ, ವಿಜಯಪುರ
ಅಂಥವರು ಮೊದಲ ಕಾಲದ ಬೋಧಕ ಪೌಲನ ದಿನಗಳಲ್ಲೂ ಇದ್ದರು. ಕೃಪೆ ಹೆಚ್ಚಲಿ ಅಂತ ಪಾಪ ಮಾಡುತ್ತಾ ಇರೋಣವೇ ಅಂತ ರೋಮಾ 6ರಲ್ಲಿ ಕೇಳಿ, ಎಂದಿಗೂ ಬೇಡ ಅನ್ನುತ್ತಾನೆ. ಯಾಕೋಬ 2:17 ಇನ್ನೂ ಖಡಕ್. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು. ಆದರೆ ಒಳ್ಳೆ ಕೆಲಸ ಮಾಡಿ ರಕ್ಷಣೆ ಕೊಳ್ಳೋಕೂ ಆಗೋದಿಲ್ಲ, ಎಫೆಸ 2:8. ಈ ಎರಡರ ನಡುವೆ ಕ್ಯಾಥೊಲಿಕರೂ ನಾವು ಪ್ರಾಟೆಸ್ಟಂಟರೂ ನಾಲ್ಕುನೂರು ಚಿಲ್ಲರೆ ವರ್ಷ ಜಗಳ ಆಡಿದೆವು.

ಕ್ಯಾಂಪ್ ಏರಿಯಾ ಬೆಳಗಾವಿ
ಆ ಜಗಳ ಕಾಗದದ ಮೇಲಾದರೂ ಮುಗಿಯಿತು ಸರ್. 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕರು ಮತ್ತು ಪ್ರಾಟೆಸ್ಟಂಟರಲ್ಲಿ ಲೂಥರನ್ನರು ಒಂದೇ ಪತ್ರಕ್ಕೆ ಸಹಿ ಹಾಕಿದರು. ರಕ್ಷಣೆ ದೇವರ ಕೃಪೆಯಿಂದಲೇ, ನಮ್ಮ ಯೋಗ್ಯತೆಯಿಂದ ಅಲ್ಲ, ಆ ಕೃಪೆಯೇ ಒಳ್ಳೆ ಕೆಲಸಕ್ಕೆ ಹಚ್ಚುತ್ತದೆ ಅಂತ. 2006ರಲ್ಲಿ ಪ್ರಾಟೆಸ್ಟಂಟರ ಇನ್ನೊಂದು ಪಂಗಡ ಮೆಥೋಡಿಸ್ಟರೂ ಸೇರಿದರು. ಬೆಳಗಾವಿಯಲ್ಲಿ ನಮ್ಮ ಕ್ಯಾಥೊಲಿಕ್ ಚರ್ಚಿಗೂ ಮೆಥೋಡಿಸ್ಟ್ ಚರ್ಚಿಗೂ ನಡುವೆ ಆಟೋದಲ್ಲಿ ಹತ್ತು ನಿಮಿಷವೂ ಇಲ್ಲ. ಇದು ಗೊತ್ತಿರುವವರು ಎರಡೂ ಕಡೆ ಹತ್ತು ಜನ ಸಿಗೋದಿಲ್ಲ.

ಸಹಿ ಸಾಕಪ್ಪಾ
ಮಾಸ್ತರರ ಹೆಂಡತಿ ಇಲ್ಲಿದ್ದರೆ "ಮತ್ತೆ ಸಹಿ ಹಾಕಿದರಾ?" ಅಂತಿದ್ದರು.

ನಿವೃತ್ತ ಮಾಸ್ತರ, ವಿಜಯಪುರ
ಪಕ್ಕದಲ್ಲೇ ಕೂತಿದ್ದಾಳೆ. ಓದಿ ನಕ್ಕಳು.

ಹೆಸರು ಬೇಡ
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಾನು ಮದುವೆಯಾಗಿ ಈ ನಂಬಿಕೆಗೆ ಬಂದವಳು. ನನ್ನ ಅಪ್ಪ ಬರಲಿಲ್ಲ. ಬದುಕಿರುವವರೆಗೂ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುತ್ತಿದ್ದರು. ಯಾರಿಗೂ ಕೆಟ್ಟದ್ದು ಮಾಡಿದವರಲ್ಲ. ಹೋದ ವರ್ಷ ತೀರಿಕೊಂಡರು. ನಂಬಿದವರು ಮಾತ್ರ ಉಳೀತಾರೆ ಅಂತ ಪ್ರಸಂಗದಲ್ಲಿ ಹೇಳುವಾಗ ನಾನು ಎದ್ದು ಹೊರಗೆ ಬರುತ್ತೇನೆ. ದೇವರು ಲೋಕವನ್ನು ಪ್ರೀತಿಸಿದ ಅಂತಾರಲ್ಲ, ಆ ಲೋಕದಲ್ಲಿ ನಮ್ಮಪ್ಪ ಇದ್ದರೋ ಇಲ್ಲವೋ?

ಇಂಡಿ ಲಿಂಬಿಕಾಯಿ
ತಂಗೀ, ಸಮಾಧಾನಕ್ಕೆ ಅಂತ ಸುಳ್ಳು ಹೇಳಲಾರೆ. ರಕ್ಷಣೆಗೆ ಯೇಸುವಿನ ಹೆಸರಿನ ಹೊರತು ಬೇರೆ ಹೆಸರಿಲ್ಲ.

ಖಡಕ್ ರೊಟ್ಟಿ
ಇದಕ್ಕೇ ನೋಡಿ ನಮಗೆ ಸಿಟ್ಟು ಬರೋದು. ಅಪ್ಪನನ್ನು ಕಳಕೊಂಡ ಹೆಣ್ಣುಮಗಳಿಗೆ ಹೇಳೋ ಮಾತಾ ಇದು? ಇದರ ಹಿಂದೆಯೇ ಮತಾಂತರ ಶುರು

ಮೇಲ್ವಿಚಾರಕ
ಮತಾಂತರ, ಅದರ ಕಾಯ್ದೆ, ಸುವರ್ಣಸೌಧ, ಪಕ್ಷ, ಯಾವುದೂ ಈ ಚರ್ಚೆಯಲ್ಲಿ ಬೇಡ. ನಾಲ್ಕು ಉತ್ತರ ತೆಗೆದಿದ್ದೇನೆ. ಮೇಲಿನ ಅಕ್ಕನವರ ಪ್ರಶ್ನೆಗೆ ತಿಳಿದವರು ಮೆತ್ತಗೆ ಉತ್ತರಿಸಿ.

ಕ್ಯಾಂಪ್ ಏರಿಯಾ ಬೆಳಗಾವಿ
ಅಕ್ಕಾ, ನಮ್ಮ ಕ್ಯಾಥೊಲಿಕ್ ಸಭೆ ಇದನ್ನು ಬರೆದೇ ಇಟ್ಟಿದೆ. 1964ರಲ್ಲಿ ನಮ್ಮ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು ಇಷ್ಟು. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ ಉಳಿದವರು, ಪ್ರಾಮಾಣಿಕವಾಗಿ ದೇವರನ್ನು ಹುಡುಕಿ ಮನಸ್ಸಾಕ್ಷಿಯಂತೆ ನಡೆದರೆ, ಅವರೂ ರಕ್ಷಣೆ ಪಡೆಯಬಹುದು. ಉಳಿಸುವುದು ಅದೇ ಶಿಲುಬೆ, ಅವರಿಗೆ ಅದರ ಹೆಸರು ಗೊತ್ತಿಲ್ಲದಿದ್ದರೂ. ಗುಡ್ಡಕ್ಕೆ ನಡೆದು ಹೋಗುವ ನಿಮ್ಮಪ್ಪನ ಕಾಲಿನ ಬೊಬ್ಬೆಯನ್ನು ದೇವರು ನೋಡಲಿಲ್ಲ ಅಂತ ನನಗೆ ಅನ್ನಿಸುವುದಿಲ್ಲ.

ನಿವೃತ್ತ ಮಾಸ್ತರ, ವಿಜಯಪುರ
ನಾನು ಪ್ರಾಟೆಸ್ಟಂಟು, ನಮ್ಮಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ನನ್ನ ಮಟ್ಟಿಗೆ ಹೇಳುತ್ತೇನೆ ತಂಗಿ. ಯೇಸುವಿನ ಪಕ್ಕದ ಶಿಲುಬೆಯಲ್ಲಿ ತೂಗುತ್ತಿದ್ದ ಕಳ್ಳನಿಗೆ ದೀಕ್ಷಾಸ್ನಾನ ಆಗಿರಲಿಲ್ಲ. ಒಂದು ಭಾನುವಾರವೂ ಆರಾಧನೆಗೆ ಬಂದವನಲ್ಲ. ನೆನಸಿಕೋ ಅಂದ, ಅಷ್ಟೇ. ಇವತ್ತೇ ನನ್ನ ಜೊತೆ ಪರದೈಸಿನಲ್ಲಿ ಇರುವೆ ಅಂದ ಯೇಸು, ಲೂಕ 23:43. ತೀರ್ಪು ಕೊಡುವ ಕುರ್ಚಿ ನಮಗೆ ಕೊಟ್ಟಿಲ್ಲ, ಅದು ನಮ್ಮ ಪುಣ್ಯ. ಪ್ರಸಂಗದ ನಡುವೆ ಎದ್ದು ಬರಬೇಕು ಅನ್ನಿಸಿದರೆ ಬನ್ನಿ. ಆದರೆ ಹೊರಗೆ ಒಬ್ಬರೇ ನಿಲ್ಲಬೇಡಿ.

ಹೆಸರು ಬೇಡ
ಇಬ್ಬರಿಗೂ ಕೈ ಮುಗಿಯುತ್ತೇನೆ.

ಇಂಡಿ ಲಿಂಬಿಕಾಯಿ
ತಂಗೀ, ನನ್ನ ಮಾತು ಒರಟಾಯಿತು. ನನ್ನ ನಂಬಿಕೆ ಬದಲಾಗಿಲ್ಲ, ಆದರೆ ಹೇಳುವ ಹೊತ್ತು ಅದಾಗಿರಲಿಲ್ಲ. ಕ್ಷಮಿಸು.

ಗೋಕಾಕ ಕರದಂಟು
ಒಂದು ಸಣ್ಣ ಡೌಟು. ಯೇಸು ಸತ್ತ ದಿನಕ್ಕೆ ಶುಭ ಅಂತ ಯಾಕೆ? ನಾನು ಆಫೀಸಿನ ಗುಂಪಿನಲ್ಲಿ "ಹ್ಯಾಪಿ ಗುಡ್ ಫ್ರೈಡೇ" ಅಂತ ಹೂವಿನ ಚಿತ್ರ ಹಾಕಿದ್ದೆ. ನಮ್ಮ ಕ್ಲಾರ್ಕ್ ಮೇಡಂ ಎರಡು ದಿನ ಮಾತಾಡಲಿಲ್ಲ.

ಸಹಿ ಸಾಕಪ್ಪಾ
ಹೂವಿನ ಚಿತ್ರ 🙏

ಕ್ಯಾಂಪ್ ಏರಿಯಾ ಬೆಳಗಾವಿ
ಅವತ್ತು ಶುಭಾಶಯ ಹೇಳೋದಿಲ್ಲ ಮಾರಾಯ್ರೇ. ಉಪವಾಸ, ಶಿಲುಬೆ ಹಾದಿ, ಮೌನ. ಭಾನುವಾರ ಈಸ್ಟರಿಗೆ ಹೇಳಿ, ಊಟಕ್ಕೂ ಬನ್ನಿ. ನಮ್ಮ ಮನೆಯಲ್ಲಿ ಇಡ್ಲಿಯಂಥ ಸಾನ್ನ ಮಾಡ್ತಾರೆ, ನಾವು ಗೋವಾ ಮೂಲದವರು.

ನೀರಿಲ್ಲದ ಡೋಣಿ
ದೇವರಿಲ್ಲದವರಿಗೂ ಸಾನ್ನ ಸಿಗುತ್ತಾ?

ಕ್ಯಾಂಪ್ ಏರಿಯಾ ಬೆಳಗಾವಿ
ಪುಕ್ಕಟೆ. ಪಡೆದವನಿಗೆ.

ಸಂಗಮದ ದಂಡೆ
ವಿಷಯಕ್ಕೆ ವಾಪಸ್ ಬರೋಣ. ಇನ್ನೊಬ್ಬರಿಗಾಗಿ ಪ್ರಾಣ ಕೊಡೋದು ಎಲ್ಲ ಕಡೆ ಇದೆ. ಯೋಧರು ಕೊಡ್ತಾರೆ, ತಾಯಂದಿರು ಕೊಡ್ತಾರೆ. ನೀವು ಇದನ್ನು ಬೇರೆ ಅಂತ ಯಾಕೆ ಅಂತೀರಿ? ಹೊಟ್ಟೆಕಿಚ್ಚಿನಿಂದ ಕೇಳುತ್ತಿಲ್ಲ, ತಿಳಿಯೋಕೆ.

ನಿವೃತ್ತ ಮಾಸ್ತರ, ವಿಜಯಪುರ
1941ರಲ್ಲಿ ನಾಜಿಗಳ ಆಶ್ವಿತ್ಸ್ ಸೆರೆಮನೆಯಲ್ಲಿ ಮ್ಯಾಕ್ಸಿಮಿಲಿಯನ್ ಕೋಲ್ಬೆ ಅನ್ನುವ ಪಾದ್ರಿ, ಸಾಯಲು ಆರಿಸಿದ್ದ ಒಬ್ಬ ಸಂಸಾರಸ್ಥನ ಬದಲಿಗೆ ತಾನು ಹೋದರು. ಉಳಿದ ಆ ಮನುಷ್ಯ 1995ರವರೆಗೆ ಬದುಕಿದ. ಇದಕ್ಕಿಂತ ದೊಡ್ಡ ಮನುಷ್ಯ ಪ್ರೀತಿ ನನಗೆ ಗೊತ್ತಿಲ್ಲ. ಆದರೂ ನೋಡಿ, ಕೋಲ್ಬೆ ಸತ್ತದ್ದು ಒಬ್ಬ ನಿರಪರಾಧಿಗಾಗಿ. ಆ ಸೆರೆಮನೆಯ ಅಧಿಕಾರಿಗಾಗಿ ಯಾರಾದರೂ ಸಾಯುತ್ತಾರೆಯೇ? ರೋಮಾ 5ರಲ್ಲಿ ಪೌಲ ಹೇಳುವುದು ಇದನ್ನೇ. ಒಳ್ಳೆಯವನಿಗಾಗಿ ಯಾರಾದರೂ ಸತ್ತಾರು. ನಾವು ಪಾಪಿಗಳಾಗಿದ್ದಾಗ, ಶತ್ರುಗಳಾಗಿದ್ದಾಗ, ಕ್ರಿಸ್ತ ಸತ್ತ. ಬೇರೆ ಅನ್ನುವುದು ಈ ಜಾಗದಲ್ಲಿ.

ನನಗೆ ಜಾಮೀನು ಕಥೆಯಲ್ಲಿ ಕುಂದು ಕಾಣುವುದೂ ಇಲ್ಲೇ. ಆತ ಓಡಿ ಹೋಗುತ್ತಾನೆ ಅಂತ ಗೊತ್ತಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ಸಂಗಮದ ದಂಡೆ
ಅಧಿಕಾರಿಗಾಗಿ... ಹ್ಞೂಂ. ಇದು ತೂಕದ ಮಾತು. ಒಪ್ಪುತ್ತೇನೋ ಇಲ್ಲವೋ, ನಾಳೆ ಹೇಳುತ್ತೇನೆ.

ಗುಳೇದಗುಡ್ಡದವ
ಎಲ್ಲ ಓದಿದೆ. ಅಜ್ಜಿಗೆ ಏನು ಹೇಳಬೇಕು ಅಂತ ಒಂದೇ ಮಾತಲ್ಲಿ ಹೇಳಿ. ಸಂಜೆ ಹೋಗ್ತಾ ಇದ್ದೇನೆ. ಅವರಿಗೆ ಆನ್ಸೆಲ್ಮ್ ಹೇಳೋಕಾಗಲ್ಲ.

ಕ್ಯಾಂಪ್ ಏರಿಯಾ ಬೆಳಗಾವಿ
ಅಪ್ಪ ಮೇಲೆ ಆರಾಮ ಕೂತು ಮಗನನ್ನು ಕೆಳಗೆ ಕಳಿಸಿದ ಅಂತ ತಿಳಿಯಬೇಡಿ ಅನ್ನಿ. ದೇವರೇ ಕ್ರಿಸ್ತನಲ್ಲಿ ಇದ್ದು ಲೋಕವನ್ನು ತನ್ನ ಕಡೆ ಸೇರಿಸಿಕೊಂಡ ಅಂತ ಎರಡನೇ ಕೊರಿಂಥದಲ್ಲಿ ಇದೆ. ಬಂದದ್ದು ತಾನೇ. ಗಾಯ ಆದದ್ದು ಮನೆಗೇ.

ತಿಕೋಟಾ ದ್ರಾಕ್ಷಿ
ಮತ್ತೆ ಮಗ ತಾನೇ ಒಪ್ಪಿದ ಅಂತಲೂ ಹೇಳಿ. ಲಿಂಬಿಕಾಯಿ ಅಣ್ಣನ ವಚನ. ಮೊದಲೇ ಸರಿ ಹೇಳಿದ್ದರು ಅವರು.

ಗುಳೇದಗುಡ್ಡದವ
ಹೋಗಿ ಬಂದೆ. ರಾತ್ರಿ ಹನ್ನೊಂದಾಗಿದೆ, ನಿದ್ದೆ ಬರ್ತಿಲ್ಲ. ಬರೆದುಬಿಡ್ತೇನೆ.

ಅಜ್ಜಿ ಎಲ್ಲ ಕೇಳಿದರು. ಮಗ ತಾನೇ ಒಪ್ಪಿ ಕೊಟ್ಟ ಅಂದಾಗ ತಲೆ ಆಡಿಸಿದರು. "ಹಂಗಿದ್ರ ಆತು. ಕೇಳಿದ್ರಲ್ಲ, ಆತು" ಅಂದರು. ಆಮೇಲೆ ತಾವೇ ಹೇಳಿದರು. ಅವರಿಗೆ ಇಬ್ಬರು ಮಕ್ಕಳು. ದೊಡ್ಡವ ಏಳನೇ ಇಯತ್ತೆಯಲ್ಲಿ ಶಾಣ್ಯಾ ಇದ್ದನಂತೆ. ಮನೆಯಲ್ಲಿ ಸಾಲ, ಇಬ್ಬರನ್ನೂ ಓದಿಸೋಕಾಗಲಿಲ್ಲ. ಒಂದು ದಿನ ಯಜಮಾನರು ಬಂದು ದೊಡ್ಡವನ ಪಾಟೀಚೀಲ ಗೂಟಕ್ಕೆ ಹಾಕಿ ಅವನನ್ನು ಮಗ್ಗದ ಕುಣಿಗೆ ಇಳಿಸಿದರು. ಸಣ್ಣವನು ಓದಿ ಪುಣೆಗೆ ಹೋದ, ಮನೆ ಕಟ್ಟಿದ. ದೊಡ್ಡವನಿಗೆ ಈಗ ಐವತ್ತೈದು, ಮೊಣಕಾಲು ಮಡಚೋಕೆ ಬರಲ್ಲ. "ಎಲ್ಲಾರೂ ಆತನ ತ್ಯಾಗ ಅಂತಾರ. ತ್ಯಾಗ ಅಲ್ಲೋ ತಮ್ಮಾ. ಅವನ್ನ ಯಾರೂ ಕೇಳಲೇ ಇಲ್ಲ" ಅಂದರು.

ನಾನು ಸುಮ್ಮನೆ ಕೂತೆ. ಎದ್ದು ಬರುವಾಗ ಹಿಂದಿನಿಂದ ಕರೆದರು. "ಮಗನ್ನ ಕೇಳಿದ್ರು, ಚಲೋ ಆತು. ಅವನವ್ವನ್ನ ಕೇಳಿದ್ರೇನು?"

ಗೋಕಾಕ ಕರದಂಟು
ಅಯ್ಯೋ ಅಜ್ಜೀ.

ಕ್ಯಾಂಪ್ ಏರಿಯಾ ಬೆಳಗಾವಿ
ಕೇಳಿದರು! ಅವಳನ್ನು ಎಲ್ಲರಿಗಿಂತ ಮೊದಲು ಕೇಳಿದರು. ಲೂಕ 1:38. ದೂತ ಬಂದು ಹೇಳಿದ, ಮರಿಯಮ್ಮ ಆಗಲಿ ಅಂದಳು. ಆ ಮಾತು ಬಂದ ಮೇಲೆಯೇ ಉಳಿದದ್ದೆಲ್ಲ. ಶಿಲುಬೆಯ ಕೆಳಗೂ ನಿಂತಿದ್ದಳು. ನಾಳೆ ಹೋಗಿ ಹೇಳಿ. ಇದಕ್ಕೇ ನಾವು ಆಕೆಯನ್ನು ಅಷ್ಟು ನೆನೆಯೋದು.

ನೀರಿಲ್ಲದ ಡೋಣಿ
ಹುಟ್ಟಿಸೋಕೆ ಕೇಳಿದರು. ಸಾಯಿಸೋಕೆ ಕೇಳಿದರಾ?

ನಿವೃತ್ತ ಮಾಸ್ತರ, ವಿಜಯಪುರ
ಲೂಕ 2:35. ಮಗು ಇನ್ನೂ ಕೈಯಲ್ಲಿದ್ದಾಗಲೇ ದೇವಾಲಯದಲ್ಲಿ ಮುದುಕ ಸಿಮೆಯೋನ ಹೇಳಿದ, ನಿನ್ನ ಪ್ರಾಣಕ್ಕೂ ಕತ್ತಿ ನಾಟುತ್ತದೆ ಅಂತ. ಕೇಳಲಿಲ್ಲ. ತಿಳಿಸಿದರು. ಇದು ಉತ್ತರ ಆಗುತ್ತದೋ ಇಲ್ಲವೋ, ನನ್ನ ಹೆಂಡತಿ ಆಗೋದಿಲ್ಲ ಅನ್ನುತ್ತಿದ್ದಾಳೆ.

ಇಂಡಿ ಲಿಂಬಿಕಾಯಿ
ಮರಿಯಳ ವಿಷಯ ಬೇರೆ ಚರ್ಚೆ ತೆಗೆಯಿರಿ, ಇಲ್ಲಿ ಶುರು ಮಾಡಿದರೆ ಬೆಳಗಾಗುತ್ತದೆ. ಗುಳೇದಗುಡ್ಡದ ತಮ್ಮಾ, ಆ ದೊಡ್ಡ ಮಗನ ಮೊಣಕಾಲಿಗೆ ತೋರಿಸಿದ್ದಾರಾ?

ಗುಳೇದಗುಡ್ಡದವ
ಇಲ್ಲ ಅಣ್ಣ. ಸೋಮವಾರ ಬಾಗಲಕೋಟೆಗೆ ನಾನೇ ಕರಕೊಂಡು ಹೋಗ್ತೇನೆ ಅಂದಿದ್ದೇನೆ. ಮೊದಲು ಅವರನ್ನೇ ಕೇಳಿದೆ. ಹ್ಞೂಂ ಅಂದರು.